ರೆನ್‌ಳ ಅಜ್ಜನ ಪುಟ ಸಿಗುತ್ತಿಲ್ಲ

ನಾಯಿಯ ಬೆದೆ ಸಮಿತಿಯ ಸಭೆಗಾಗಿ ಕಾಯುವುದಿಲ್ಲ. ಇಷ್ಟು ಸಣ್ಣ ಮಾತನ್ನು ಟಲ್ಗರಿ ಕುರಿನಾಯಿ ಕ್ಲಬ್ಬಿನ ಅಧ್ಯಕ್ಷ ಕ್ಲೈವ್ ಬನ್ವರ್ತ್‌ನ ತಲೆಗೆ ಇಳಿಸಲು ನಾನು ಬಾಯಿ ಬಡಿದುಕೊಂಡೆ. ಅವನು ಅಂಬೆಗಾಲಿಡುವಾಗಿನಿಂದಲೇ ನಾಯಿಗಳ ನಡುವೆ ಬೆಳೆದವನು. ಆದರೂ ಹೊಟ್ಟೆಯ ಮೇಲಿಂದ ಜಾರುವ ಬೆಲ್ಟು ಎಳೆದುಕೊಳ್ಳುತ್ತಾ ಅವನು ಹೇಳಿದ್ದು ಇಷ್ಟೇ:

"ವೆಬ್‌ಸೈಟ್ ವಿಷಯ ಮುಂದಿನ ತಿಂಗಳ ಮೀಟಿಂಗಲ್ಲಿ ಎತ್ತೋಣ ಬಿಡೋ ಜೆತ್ರೋ."

"ಮುಂದಿನ ತಿಂಗಳು ಗಂಡುನಾಯಿ ಹತ್ರ ಬಂದ್ರೆ ನನ್ನ ರೆನ್ ಅದರ ಮೂಗು ಕಿತ್ತು ಹಾಕ್ತಾಳೆ ಕ್ಲೈವ್. ಅವಳಿಗೆ ಬೆದೆ ಬಂದಿರೋದು ಈಗ."

"ಹಾಗಾದ್ರೆ ಮುಂದಿನ ಬೆದೆಗೆ ನೋಡ್ಕೊಂಡ್ರಾಯ್ತು."

ಮುಂದಿನ ಬೆದೆ ಬರುವ ಹೊತ್ತಿಗೆ ಸಾರ್ಜ್ ಇರುವುದಿಲ್ಲ. ಸಾರ್ಜ್ ಅಂದರೆ ನದಿಯಾಚೆಯ ಬಯಲಿನಲ್ಲಿರುವ ನೆವಿಲ್ ಸ್ಟ್ರಾಹನ್‌ನ ನಾಯಿ. ಅಂಥ ನಾಯಿಯನ್ನು ನಾನು ಇನ್ನೊಂದು ನೋಡಿಲ್ಲ. ಬೊಗಳುವುದಿಲ್ಲ, ಕಚ್ಚುವುದಿಲ್ಲ, ಕುರಿಹಿಂಡಿನ ಮುಂದೆ ಹೋಗಿ ನಿಂತು ನೋಡುತ್ತಾನೆ, ಹಿಂಡು ತಾನಾಗಿಯೇ ಗೇಟಿನ ಕಡೆ ತಿರುಗುತ್ತದೆ. ಅವನ ಮೂತ್ರಪಿಂಡ ಕೆಟ್ಟಿತ್ತು. ಈ ಚಳಿಗಾಲ ದಾಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ರೆನ್‌ಗೆ ಸಾರ್ಜ್‌ನಿಂದ ಒಂದು ಸೂಲು ಮರಿ ಬೇಕು, ಅದರಲ್ಲಿ ಒಂದು ಹೆಣ್ಣುಮರಿ ನನಗೆ ಉಳಿಯಬೇಕು. ಬದುಕಿನಲ್ಲಿ ನಾನು ಆಸೆಪಟ್ಟಿದ್ದು ಅದೊಂದನ್ನೇ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಉಣ್ಣೆ ಕತ್ತರಿಸುವ ಶೆಡ್ಡುಗಳಲ್ಲಿ ನೆಲ ಗುಡಿಸಿ, ಕುರಿಗಳನ್ನು ದೊಡ್ಡಿಗೆ ತುಂಬಿಸಿ ಬದುಕುವವನಿಗೆ ಬೇರೆ ಯಾವ ಆಸೆ ಇರುತ್ತದೆ? ಒಳ್ಳೆಯ ನಾಯಿ ಇದ್ದರೆ ಶೆಡ್ಡಿನ ಮೇಸ್ತ್ರಿ ನನ್ನನ್ನು ಹೆಸರು ಹಿಡಿದು ಕರೆಯುತ್ತಾನೆ. ಇಲ್ಲದಿದ್ದರೆ 'ಏಯ್' ಅನ್ನುತ್ತಾನೆ.

ನೆವಿಲ್‌ಗೆ ಫೋನ್ ಮಾಡಿ ಕೇಳಿದ್ದೆ. ಮುದುಕ ಒಪ್ಪಿದ. ಆದರೆ ಒಂದು ಷರತ್ತು.

"ನಿಮ್ಮ ಕ್ಲಬ್ಬಿನ ಹಳೇ ಕಾರ್ಯದರ್ಶಿ ಮರ್ಲ್ ಸಾಕಿದ ರಕ್ತ ಅಂದ್ರೆ ನಂಗೂ ಆಸೆನೇ ಕಣಯ್ಯಾ. ಆದ್ರೆ ಕಾಗದ ಬೇಡ, ಬಾಯಿಮಾತೂ ಬೇಡ. ಕ್ಲಬ್ಬಿನ ವೆಬ್‌ಸೈಟಲ್ಲಿ ನಿನ್ನ ನಾಯಿ ಪುಟದಿಂದ ಶುರು ಮಾಡಿ ಅಮ್ಮ, ಅಜ್ಜ, ಮುತ್ತಜ್ಜ ಅಂತ ನನ್ನ ಬೆರಳಲ್ಲೇ ಒತ್ಕೊಂಡು ಮೇಲೆ ಹತ್ತಬೇಕು. ಹತ್ತಿದ್ರೆ ಗೇಟು ತೆಗೀತೀನಿ."

"ಹತ್ತಕ್ಕೆ ಆಗ್ದಿದ್ರೆ?"

"ನಾಯೀನ ತಬ್ಕೊಂಡು ಮನೇಲೇ ಇರು."

ಮುದುಕನ ಹಟಕ್ಕೆ ಕಾರಣವಿತ್ತು. ಒಮ್ಮೆ ಯಾರದೋ ಕಾಗದ ನಂಬಿ ಜೋಡಿ ಮಾಡಿಸಿ, ಎದ್ದು ನಿಲ್ಲಲಾಗದ ಮರಿಗಳನ್ನು ಕಂಡವನು ಅವನು. ಮರಿಗಳು ಕುಡುಕರಂತೆ ತೂರಾಡುತ್ತವೆ, ತಟ್ಟೆಗೆ ಬಾಯಿ ಹಾಕಲು ಹೋಗಿ ಪಕ್ಕಕ್ಕೆ ಬೀಳುತ್ತವೆ. ಎರಡೂ ಕಡೆಯ ರಕ್ತದಲ್ಲಿ ಅಡಗಿ ಕೂತ ದೋಷ ಒಂದಾದರೆ ಹಾಗಾಗುತ್ತದೆ. ಅದಕ್ಕೇ ಅವನು ಹಿಂದಿನ ತಲೆಮಾರುಗಳನ್ನು ಕಣ್ಣಾರೆ ನೋಡದೆ ಗೇಟು ತೆಗೆಯುವುದಿಲ್ಲ.

ನಾನು ವೆಬ್‌ಸೈಟು ತೆರೆದೆ. ರೆನ್‌ಳ ಪುಟ ಬಂತು. ಫೋಟೋದಲ್ಲಿ ಕುರಿಗಳ ಬೆನ್ನ ಮೇಲೆ ಓಡುತ್ತಿದ್ದಾಳೆ, ಚೆಂದವಾಗಿದ್ದಾಳೆ. ಕೆಳಗೆ 'ಅಮ್ಮ: ಡಾಟ್' ಎಂದು ನೀಲಿ ಅಕ್ಷರ. ಒತ್ತಿದೆ.

'ಈ ಪುಟ ಸಿಗುತ್ತಿಲ್ಲ.'

ಇನ್ನೊಂದು ನಾಯಿಯ ಪುಟಕ್ಕೆ ಹೋಗಿ ಅದರ ಅಪ್ಪನನ್ನು ಒತ್ತಿದೆ. ಸಿಗುತ್ತಿಲ್ಲ. ಮತ್ತೊಂದು. ಸಿಗುತ್ತಿಲ್ಲ. ಟಲ್ಗರಿಯ ನಾಯಿಗಳಿಗೆ ಒಂದಕ್ಕೂ ಅಪ್ಪ ಅಮ್ಮ ಇಲ್ಲ. ಎಲ್ಲವೂ ಆಕಾಶದಿಂದ ಉದುರಿದವು.

ಈ ವೆಬ್‌ಸೈಟಿನ ಕತೆ ಹೇಳಲೇಬೇಕು. ಮರ್ಲ್ ಹ್ಯಾಡ್ರಿಕ್ ಎಂಬ ಹೆಂಗಸು ಬಹಳ ವರ್ಷ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದಳು. ಒಂದು ನಾಯಿಗೆ ಒಂದು ಫೈಲಿನಂತೆ ತನ್ನ ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದಳು. ಬಣ್ಣವಿಲ್ಲ, ಗೆರೆಯಿಲ್ಲ, ಬರೀ ಅಕ್ಷರ. ಮೊದಲ ಸಾಲಿನಲ್ಲಿ ಮರಿಯಾಗಿದ್ದಾಗ ಕಿವಿಯೊಳಗೆ ಹಾಕಿದ ಹಚ್ಚೆಯ ಸಂಖ್ಯೆ. ಅದರ ಕೆಳಗೆ ಅಪ್ಪನ ಫೈಲಿಗೊಂದು ಕೊಂಡಿ, ಅಮ್ಮನ ಫೈಲಿಗೊಂದು ಕೊಂಡಿ. ಆಮೇಲೆ ನಾಯಿಯ ಗುಣಾವಗುಣ: 'ಬುದ್ಧಿವಂತ, ಸೋಮಾರಿ', 'ಕೋಳಿ ಕದಿಯುತ್ತದೆ'. ರೆನ್‌ಳನ್ನು ಮರಿಯಾಗಿದ್ದಾಗ ನನಗೆ ಕೊಟ್ಟವಳು ಅವಳೇ. ಕೈಗೆ ಕೊಡುತ್ತಾ, "ಇವಳು ನಿನಗಿಂತ ಜಾಣೆ, ಇವಳು ಹೇಳಿದ ಹಾಗೆ ಕೇಳು" ಅಂದಿದ್ದಳು. ಮರ್ಲ್ ಸತ್ತ ಮೇಲೆ ಕ್ಲಬ್ಬಿನವರು ಕಣ್ಣೀರು ಒರೆಸಿಕೊಂಡು, ಅವಳ ಬರಹವನ್ನೆಲ್ಲ ಲೋಕಕ್ಕೆ ತೋರಿಸಬೇಕೆಂದು ಠರಾವು ಮಾಡಿದರು. ಆ ಕೆಲಸವನ್ನು ಒಪ್ಪಿಸಿದ್ದು ಹ್ಯಾಮಿಷ್‌ಗೆ.

ಹ್ಯಾಮಿಷ್ ಕ್ಲೈವ್‌ನ ಅಳಿಯ, ಟ್ರ್ಯಾಕ್ಟರಿಗೆ ವಿಮೆ ಮಾರುವವನು. ಅವನ ಹತ್ತಿರ ಲ್ಯಾಪ್‌ಟಾಪ್ ಇದೆ, ಆದ್ದರಿಂದ ಅವನು ಕಂಪ್ಯೂಟರ್ ಪಂಡಿತ. ಈ ಲೆಕ್ಕದಲ್ಲಿ ಮನೆಯಲ್ಲಿ ಕೊಡಲಿ ಇರುವವರೆಲ್ಲ ಬಡಗಿಗಳು. ಮರ್ಲ್‌ಳ ಫೈಲುಗಳನ್ನೂ ಮಾವನ ಮನೆಯ ನಾಯಿಗಳ ಕಾಗದಗಳನ್ನೂ ಒಟ್ಟಿಗೆ ಕಲಸಿ, ಅಕ್ಷರದ ಫೈಲನ್ನು ವೆಬ್ ಪುಟ ಮಾಡುವ ಯಾವುದೋ ಪುಕ್ಕಟೆ ಯಂತ್ರಕ್ಕೆ ತುರುಕಿದ. ಪಬ್ಬಿನಲ್ಲಿ ಉದ್ಘಾಟನೆ. ಫುಟ್‌ಬಾಲ್ ತೋರಿಸುವ ದೊಡ್ಡ ಟೀವಿಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿ ಒಂದು ನಾಯಿಯನ್ನು ಒತ್ತಿದ, ಅದರ ಅಪ್ಪ ಬಂದ. ಅಪ್ಪನನ್ನು ಒತ್ತಿದ, ಅಜ್ಜ ಬಂದ. ಜನ ಚಪ್ಪಾಳೆ ತಟ್ಟಿದರು, ಬಿಯರ್ ಉಕ್ಕಿತು, ಕ್ಲೈವ್ ಎದ್ದು ನಿಂತು 'ಹೊಸ ಯುಗ' ಅಂದ.

ಹೊಸ ಯುಗ ಇದ್ದದ್ದು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ. ಪ್ರತಿ ಕೊಂಡಿಯಲ್ಲೂ ಅವನ ಸ್ವಂತ ಲ್ಯಾಪ್‌ಟಾಪಿನೊಳಗಿನ ದಾರಿ ಬರೆದಿತ್ತು. ಊರಿಗೆ ದಾರಿ ಕೇಳಿದವನಿಗೆ 'ನನ್ನ ಅಡುಗೆಮನೆಯಿಂದ ಹೊರಟು ಎಡಕ್ಕೆ ತಿರುಗಿ' ಅಂದ ಹಾಗೆ. ಅವನಿಗೆ ಸರಿಯಾಗಿಯೇ ಕಾಣುತ್ತದೆ, ಅಡುಗೆಮನೆ ಅವನದೇ ಅಲ್ಲವೇ! ತಿಂಗಳುಗಟ್ಟಲೆ ಒಬ್ಬನೂ ದೂರು ಕೊಡಲಿಲ್ಲ. ಯಾಕೆಂದರೆ ಒಬ್ಬನೂ ಒತ್ತಿರಲಿಲ್ಲ. ನಮ್ಮ ಕ್ಲಬ್ಬಿನವರು ವೆಬ್‌ಸೈಟಿಗೆ ಹೋಗುವುದು ತಮ್ಮ ನಾಯಿಯ ಫೋಟೋ ನೋಡಲು. ಪಕ್ಕದವನ ನಾಯಿಯ ಫೋಟೋ ತಮ್ಮದಕ್ಕಿಂತ ದೊಡ್ಡದಿದ್ದರೆ ಆಗ ದೂರು ಬರುತ್ತದೆ.

ಕ್ಲೈವ್ 'ಮುಂದಿನ ತಿಂಗಳು' ಅಂದ ಮೇಲೆ ನಾನು ನೆಟ್ಟಗೆ ಹ್ಯಾಮಿಷ್‌ನ ಮನೆಗೆ ಹೋದೆ. ಅವನು ಅಂಗಳದಲ್ಲಿ ಮಾಂಸ ಸುಡುತ್ತಿದ್ದ.

"ನಿನ್ನ ವೆಬ್‌ಸೈಟಲ್ಲಿ ಒಂದು ಲಿಂಕೂ ತೆರೆಯಲ್ಲ."

"ನನ್ನಲ್ಲಿ ತೆರೆಯುತ್ತಲ್ಲ?"

"ನಿನ್ನಲ್ಲಿ ತೆರೆದ್ರೆ ಏನು ಬಂತು? ನೆವಿಲ್ ನಿನ್ನ ಮನೆಗೆ ಬಂದು ನಿನ್ನ ತೊಡೆ ಮೇಲೆ ಕೂತ್ಕೊಂಡು ನೋಡ್ಬೇಕಾ?"

"ಬಾಯಿ ಬಿಗಿ ಹಿಡಿ ಜೆತ್ರೋ. ಪುಕ್ಕಟೆ ಕೆಲಸ ಮಾಡಿದ್ದೀನಿ ನಾನು."

"ಪುಕ್ಕಟೆ ಕಟ್ಟಿದ ಸೇತುವೆ ಮುರಿದ್ರೂ ನೀರಿಗೇ ಬೀಳೋದು."

ಅವನ ಹೆಂಡತಿ ಒಳಗಿಂದ ಕಿಸಕ್ಕನೆ ನಕ್ಕಳು. ಬಹುಶಃ ಅದಕ್ಕೇ ಅವನಿಗೆ ರೋಷ ಬಂತು. ಮರುದಿನದಿಂದ ಕೂತು ಕೊಂಡಿಗಳನ್ನು ಒಂದೊಂದಾಗಿ ಕೈಯಿಂದ ತಿದ್ದತೊಡಗಿದ. ಅದೂ ನಾಯಿಗಳ ಹೆಸರಿನ ಅಕ್ಷರ ಕ್ರಮದಲ್ಲಿ. ಶುಕ್ರವಾರದ ಹೊತ್ತಿಗೆ ರೆನ್‌ಳ ಅಮ್ಮ ಡಾಟ್ ಬಂದಳು. ಡಾಟ್‌ಳ ಅಪ್ಪ ರಸ್ಟ್. ಅವನ ಸರದಿ ಅಕ್ಷರಮಾಲೆಯ ಆ ತುದಿಯಲ್ಲಿತ್ತು, ಇನ್ನೂ ಬಂದಿರಲಿಲ್ಲ. ನಾನು ನೆವಿಲ್‌ಗೆ ಫೋನ್ ಮಾಡಿ, ಅಮ್ಮ ಸಿಕ್ಕಳು, ಅಜ್ಜ ದಾರಿಯಲ್ಲಿದ್ದಾನೆ ಅಂದೆ. ರೆನ್ ಆಗಲೇ, ಗಂಡಿಗೆ ಸಿದ್ಧ ಎನ್ನುವಂತೆ, ಬಾಲ ಪಕ್ಕಕ್ಕೆ ಹಾಕಲು ಶುರುಮಾಡಿದ್ದಳು. ಇನ್ನು ಕೆಲವೇ ದಿನ.

ಶನಿವಾರ ಕ್ಲಬ್ಬಿನ ನಾಯಿ ಹರಾಜು.

ನಮ್ಮಲ್ಲಿ ಒಂದು ಪದ್ಧತಿಯಿದೆ. ನಾಯಿ ಮಾರಾಟವಾದ ಕೂಡಲೇ ಅದರ ಹಳೆಯ ಹೆಸರು ಸತ್ತಿತು. ಮಾರಿದವನು ಅದರ ಮುಂದೆ ನೆಲಕ್ಕೆ ಒಂದಿಷ್ಟು ಬಿಯರ್ ಸುರಿಯುತ್ತಾನೆ. ಕೊಂಡವನು ಕಿವಿಯಲ್ಲಿ ಹೊಸ ಹೆಸರು ಹೇಳುತ್ತಾನೆ. ಆಮೇಲೆ ಹಳೆಯ ಹೆಸರನ್ನು ಯಾರೂ ಎತ್ತಬಾರದು. ಎತ್ತಿದರೆ, ಮದುವೆ ಊಟದಲ್ಲಿ ಮದುಮಗಳ ಹಳೆಯ ಗೆಳೆಯನ ಸುದ್ದಿ ತೆಗೆದ ಹಾಗೆ ಎಲ್ಲರೂ ದುರುಗುಟ್ಟಿ ನೋಡುತ್ತಾರೆ. ಮಾರಿದವನು ಆ ನಾಯಿ ಎಲ್ಲಿ ಹೋಯಿತು, ಏನೆಂದು ಕರೆಸಿಕೊಂಡಿತು ಎಂದು ಬರೆದಿಡುವುದೂ ಅಮಂಗಳ. ಕೇಳಲು ಚೆನ್ನಾಗಿದೆ, ಕಣ್ಣಲ್ಲಿ ನೀರೂ ಬರುತ್ತದೆ. ಆ ಶನಿವಾರ ಹ್ಯಾಮಿಷ್ ಸಾಸೇಜು ಸುಡುವ ಒಲೆಯ ಪಕ್ಕ ಮೇಜು ಹಾಕಿಕೊಂಡು ಕೂತು, ಮಾರಾಟವಾದ ಪ್ರತಿ ನಾಯಿಯ ಫೈಲಿನ ಹೆಸರನ್ನೂ ಅಲ್ಲೇ ಆಗಲೇ ಬದಲಿಸಿದ. ಹಳೆಯ ಹೆಸರು ಫೈಲಿನ ತಲೆಯ ಮೇಲೂ ಉಳಿಯಬಾರದಲ್ಲ! ಅಷ್ಟು ಮಡಿ.

ಮರ್ಲ್‌ಳ ಅಣ್ಣನ ಮಗಳು ಡಾಟ್‌ಳನ್ನು ಮಾರಿದಳು. ಡಾಟ್ 'ಪಿಯರ್‌ಡೇಲ್ ಡಚೆಸ್' ಆದಳು. ಡಾಟ್ ಎಂಬ ಫೈಲು ಹೋಯಿತು. ಅದನ್ನು ಹುಡುಕಿಕೊಂಡು ಹೋಗುತ್ತಿದ್ದ ಕೊಂಡಿಗಳೆಲ್ಲ ಗೋಡೆಗೆ ಹಣೆ ಹೊಡೆದುಕೊಂಡವು.

ಭಾನುವಾರ ಬೆಳಿಗ್ಗೆ ನೆವಿಲ್‌ನ ಫೋನು.

"ಏನಯ್ಯಾ, ಮೊನ್ನೆ ನಿನ್ನ ನಾಯಿಗೆ ಅಮ್ಮ ಇದ್ಲು. ಇವತ್ತು ಅನಾಥೆ! ಮೊನ್ನೆ ಬಂದಿದ್ದು ಯಾರು, ಬಾಡಿಗೆ ಅಮ್ಮನಾ?"

"ನೆವಿಲ್, ಅದು ಹೆಸರು ಬದಲಾಗಿ..."

"ಹೆಸರು ಬದಲಾದ್ರೆ ಹೆತ್ತವಳು ಬದಲಾಗ್ತಾಳೇನಯ್ಯಾ? ನಿಮ್ಮ ಕ್ಲಬ್ಬಿಗೆ ನಾಯಿ ಯಾಕೆ, ಗಿಳಿ ಸಾಕ್ಕೊಳ್ಳಿ. ಬುಧವಾರದ ತನಕ ನೋಡ್ತೀನಿ."

ನಾನು ಫೋನನ್ನು ನನ್ನ ಯೂಟ್ ಟ್ರಕ್ಕಿನ ಹಿಂದಿನ ತೆರೆದ ತೊಟ್ಟಿಗೆ ಎಸೆದೆ. ಆಮೇಲೆ ನಾನೇ ಹತ್ತಿ ಹುಡುಕಿ ತೆಗೆದುಕೊಂಡೆ. ಸಿಟ್ಟು ನನಗೆ ಹೀಗೇ ಕೆಲಸ ಹೆಚ್ಚಿಸುತ್ತದೆ.

ಮಂಗಳವಾರ ಊರಿನ ಲೈಬ್ರರಿ ತೆರೆಯುತ್ತದೆ. ಅಲ್ಲಿ ಒಡೆಟ್ ಕ್ವಾನ್ ಇದ್ದಾಳೆ. ಸಿಡ್ನಿಯಲ್ಲಿ ಇದೇ ವಿದ್ಯೆ ಓದಿ, ದೊಡ್ಡ ಲೈಬ್ರರಿಯಲ್ಲಿ ಕೆಲಸ ಮಾಡಿ ಬಂದವಳು. ನಾನು ಶಾಲೆ ಬಿಟ್ಟ ಮೇಲೆ ಆ ಕಟ್ಟಡಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಹ್ಯಾಮಿಷ್ ಬೇಸತ್ತು, "ತಗೋ, ನೀನೇ ಸಾಯಿ" ಎಂದು ಫೈಲುಗಳನ್ನೂ ಪಾಸ್‌ವರ್ಡನ್ನೂ ನನಗೇ ಒಪ್ಪಿಸಿದ್ದ. ಪಾಸ್‌ವರ್ಡು 'ಕ್ಲಬ್'. ಒಡೆಟ್ ಅದನ್ನು ಕೇಳಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು.

ಎರಡು ಫೈಲು ತೆರೆದು ನೋಡುವಷ್ಟರಲ್ಲಿ ಅವಳು ಕೇಳಿದಳು: "ಈ ಮೊದಲ ಸಾಲಲ್ಲಿರೋ ಸಂಖ್ಯೆ ಏನು?"

"ಕಿವಿ ಹಚ್ಚೆ. ಮರಿಯಾಗಿದ್ದಾಗ ಹಾಕೋದು."

"ಮಾರಿದ್ರೆ ಬದಲಾಗುತ್ತಾ?"

"ಕಿವಿ ಕುಯ್ದು ಬೇರೆ ಕಿವಿ ಅಂಟಿಸಿದ್ರೆ ಆಗ್ಬಹುದು."

"ಮತ್ತೆ ನೀವೆಲ್ಲಾ ಹೆಸರಿಗೆ ಯಾಕೆ ಲಿಂಕ್ ಕಟ್ಟಿದ್ರಿ? ಹೆಸರು ಅನ್ನೋದು ಅಂಗಿ. ಅಂಗಿ ಹಿಡ್ಕೊಂಡು ಹೋದ್ರೆ ಕೈಗೆ ಅಂಗಿ ಬರುತ್ತೆ, ನಾಯಿ ಓಡಿ ಹೋಗುತ್ತೆ."

"ನಾನು ಕಟ್ಟಿಲ್ಲ. ನಂಗೆ ಬೈಬೇಡ."

"ಕ್ಲಬ್ಬಿನಿಂದ ಬಂದವನು ನೀನೊಬ್ಬನೇ ಕಣೋ. ನಿಂಗೇ ಬೈಬೇಕು."

ಅವಳ ಉಪಾಯ ಇಷ್ಟೇ. ಕೊಂಡಿ ಫೈಲಿನ ಹೆಸರನ್ನು ಹೇಳಬಾರದು, ಕಿವಿಯ ಸಂಖ್ಯೆಯನ್ನು ಹೇಳಬೇಕು. ವೆಬ್ ಪುಟ ಮಾಡುವ ಹೊತ್ತಿಗೆ ಯಂತ್ರ ಎಲ್ಲ ಫೈಲುಗಳನ್ನೂ ಮೊದಲು ಒಮ್ಮೆ ಓದುತ್ತದೆ, ಯಾವ ಸಂಖ್ಯೆ ಯಾವ ಫೈಲಿನಲ್ಲಿದೆ ಎಂದು ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಪ್ರತಿ ಕೊಂಡಿಗೂ ಆವತ್ತಿನ ವಿಳಾಸ ತಾನೇ ಬರೆಯುತ್ತದೆ. ವಿಳಾಸವೂ ಯಾರದೋ ಲ್ಯಾಪ್‌ಟಾಪಿನಿಂದ ಶುರುವಾಗುವುದಿಲ್ಲ, ಈ ಪುಟದಿಂದ ಆ ಪುಟಕ್ಕೆ ಎಷ್ಟು ದೂರವೋ ಅಷ್ಟು. ಡಾಟ್ ಡಚೆಸ್ ಆಗಲಿ, ನಾಳೆ ಮಹಾರಾಣಿ ಆಗಲಿ, ಕಿವಿ ಅದೇ. ಇಷ್ಟು ಸಲೀಸಾಗಿರುವುದನ್ನು ಯಾರೂ ಮಾಡಿರಲಿಲ್ಲ ಎಂದು ನನಗೆ ಮತ್ತೂ ಸಿಟ್ಟು ಬಂತು. ಕಷ್ಟದ ಕೆಲಸ ಕೆಟ್ಟರೆ ಅಳಬಹುದು, ಸುಲಭದ ಕೆಲಸ ಕೆಟ್ಟರೆ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತದೆ.

ಹಳೆಯ ಕೊಂಡಿಗಳನ್ನೆಲ್ಲ ಸಂಖ್ಯೆಗೆ ತಿರುಗಿಸಲು ಅವಳೇ ನಾಲ್ಕು ಸಾಲು ಕೋಡ್ ಬರೆದಳು. ಸಂಖ್ಯೆ ಇಲ್ಲದ ಫೈಲುಗಳಿಗೆ ನಾನು ನಾಯಿಯ ಒಡೆಯರಿಗೆ ಫೋನ್ ಮಾಡಿ, "ನಿನ್ನ ನಾಯಿ ಕಿವಿ ಮಗುಚಿ ಓದು" ಎಂದು ಕೇಳಿ ತುಂಬಿಸಿದೆ. ಒಬ್ಬ ತನ್ನ ಕನ್ನಡಕ ಹುಡುಕಲು ಹೋದವನು ತಿರುಗಿ ಬರಲೇ ಇಲ್ಲ. ಇನ್ನೊಬ್ಬನನ್ನು ಅವನ ನಾಯಿಯೇ ಕಚ್ಚಿತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಒಡೆಟ್ ಗುಂಡಿ ಒತ್ತಿದಳು.

ಯಂತ್ರ ಓಡಿತು, ಓಡಿತು, ನಿಂತಿತು. 'ಎರಡು ಫೈಲುಗಳು ಒಂದೇ ಸಂಖ್ಯೆ ಹೇಳುತ್ತಿವೆ. ಯಾವುದಕ್ಕೆ ಕೊಂಡಿ ಕಟ್ಟಬೇಕೋ ತಿಳಿಯದು.'

ಒಂದು ಫೈಲು ರಸ್ಟ್. ಮರ್ಲ್ ಬರೆದದ್ದು, ರೆನ್‌ಳ ಅಜ್ಜ. ಇನ್ನೊಂದು ಬನ್ವರ್ತ್ ಕಿಂಗ್. ಕ್ಲೈವ್‌ನ ಮನೆಯ ಕಾಗದ ನೋಡಿ ಹ್ಯಾಮಿಷ್ ಟೈಪ್ ಮಾಡಿದ್ದು. ಬನ್ವರ್ತ್ ಕಿಂಗ್ ಯಾರೆಂದು ಟಲ್ಗರಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಕ್ಲೈವ್‌ನ ಗೇಟಿನ ಮೇಲೆ ಅವನ ತಗಡಿನ ಬೊಂಬೆಯಿದೆ. 'ನಮ್ಮ ಅಂಗಳದಲ್ಲೇ ಹುಟ್ಟಿದವನು' ಎಂದು ಕ್ಲೈವ್ ಕುಡಿದಾಗಲೆಲ್ಲ ಹೇಳುತ್ತಾನೆ. ಸಾರ್ಜ್‌ನನ್ನು ಮರಿಯಾಗಿದ್ದಾಗ ನೆವಿಲ್‌ಗೆ ಮಾರಿದವನೂ ಕ್ಲೈವೇ. ಸಾರ್ಜ್‌ನ ಅಪ್ಪ ಕಿಂಗ್.

ಎರಡು ನಾಯಿ, ಒಂದು ಕಿವಿ.

ಒಡೆಟ್ ರಸ್ಟ್‌ನ ಫೈಲನ್ನು ಕೆಳಗೆ ಎಳೆದಳು. ಕೊನೆಗೆ ಮರ್ಲ್‌ಳ ಸಾಲು: 'ಮಾರಿದೆ. ಆಮೇಲೆ ಇಲ್ಲಿ ಹುಟ್ಟಿದ ಇವನ ಎರಡು ಸೂಲುಗಳಲ್ಲಿ ತೂರಾಡುವ ಮರಿ. ಇವನ ರಕ್ತವನ್ನು ಇವನ ರಕ್ತಕ್ಕೆ ಸೇರಿಸಬಾರದು. ಕೊಂಡವರಿಗೆ ಹೇಳಿದ್ದೇನೆ.'

ಕೊಂಡವರು ಯಾರೆಂದು ಬರೆದಿರಲಿಲ್ಲ. ನಮ್ಮ ಪದ್ಧತಿ ಬರೆಯಗೊಡುವುದಿಲ್ಲವಲ್ಲ!

ನಾನು ಕುರ್ಚಿಯ ಮೇಲೆ ಕೂತೆ. ನನ್ನ ರೆನ್ ರಸ್ಟ್‌ನ ಮೊಮ್ಮಗಳು, ಸಾರ್ಜ್ ರಸ್ಟ್‌ನ ಮಗ. ಈ ಜೋಡಿಗಾಗಿ ನಾನು ಊರೆಲ್ಲ ಜಗಳ ಕಾಯ್ದಿದ್ದೆ.

"ಈಗ ಏನ್ಮಾಡ್ಲಿ?" ಅಂದೆ.

"ಎರಡು ದಾರಿ. ಎರಡೂ ಫೈಲು ಸೇರಿಸಿ ಒಂದೇ ಪುಟ ಮಾಡು, ಎರಡೂ ಹೆಸರು ಹಾಕು. ಅಥವಾ ಯಾವುದೋ ಒಂದು ಸಂಖ್ಯೆ ತಪ್ಪಾಗಿ ಟೈಪ್ ಆಗಿದೆ ಅಂತಾದ್ರೆ ಅದನ್ನ ತಿದ್ದು. ತಪ್ಪಾಗಿದೆಯಾ? ನಂಗೆ ಗೊತ್ತಿಲ್ಲ. ನಾಯಿ ನಿಮ್ದು."

ನಾನು ಕ್ಲೈವ್‌ಗೆ ಫೋನ್ ಮಾಡಿದೆ. ಹುಡುಗು ಬುದ್ಧಿ; ತಪ್ಪಾಗಿ ಟೈಪ್ ಆಗಿದೆ ಅಂತ ಅವನು ಹೇಳಲಿ, ಕಾಗದ ತಂದು ತೋರಿಸಲಿ ಎಂದು ಒಳಗೊಳಗೇ ಆಸೆ. ತಿಂಗಳಿಗೊಮ್ಮೆ ಮಾತ್ರ ಅಲುಗಾಡುವ ಮನುಷ್ಯ ಕಾಫಿ ಆರುವ ಮೊದಲೇ ಲೈಬ್ರರಿಯ ಬಾಗಿಲಲ್ಲಿದ್ದ. ಅವನ ಕೈಯಲ್ಲಿ ಕಾಗದ ಇರಲಿಲ್ಲ.

"ನೋಡು ಜೆತ್ರೋ, ಇದನ್ನ ದೊಡ್ಡದು ಮಾಡ್ಬೇಡ. ಕಿಂಗ್‌ಗೆ ಬೇರೆ ಒಂದು ನಂಬರ್ ಹಾಕು. ಮುಗೀತು."

"ಯಾವ ನಂಬರು?"

"ಯಾವುದೋ ಒಂದು. ನಾಯಿ ಸತ್ತು ಎಷ್ಟು ಕಾಲ ಆಯ್ತು, ಯಾರು ಹೋಗಿ ಕಿವಿ ನೋಡ್ತಾರೆ?"

"ಹಾಗಾದ್ರೆ ಕಿಂಗ್ ನಿಮ್ಮ ಅಂಗಳದಲ್ಲಿ ಹುಟ್ಟಿದ್ದಲ್ಲ."

"ನನ್ನ ಅಂಗಳದಲ್ಲಿ *ಬೆಳೆದದ್ದು*. ಮರ್ಲ್ ಹತ್ರ ಕೊಂಡೆ, ಬಿಯರ್ ಸುರಿದ್ಲು, ಹೆಸರಿಟ್ಟೆ. ಹೆಸರಿಟ್ಟ ಮೇಲೆ ಹೊಸ ನಾಯಿ. ಪದ್ಧತಿ ಏನು ನಾನು ಮಾಡಿದ್ದಾ?"

"ತೂರಾಡೋ ಮರಿ ವಿಷಯ ಅವಳು ನಿಮಗೆ ಹೇಳಿದ್ಲಾ?"

ಕ್ಲೈವ್ ಬೆಲ್ಟು ಎಳೆದುಕೊಂಡ. "ಹೆಂಗಸರು ಏನೇನೋ ಹೇಳ್ತಾರೆ."

"ಮೆಲ್ಲಗೆ ಜಗಳ ಆಡಿ. ಇದು ಲೈಬ್ರರಿ," ಅಂದಳು ಒಡೆಟ್, ಪುಸ್ತಕದಿಂದ ತಲೆ ಎತ್ತದೆ. "ಮತ್ತೆ ಇಲ್ಲೊಬ್ಬಳು ಹೆಂಗಸು ಇದ್ದಾಳೆ, ಏನೇನೋ ಹೇಳಕ್ಕೆ ಅವಳಿಗೂ ಬರುತ್ತೆ."

ಕ್ಲೈವ್ ನನ್ನ ಹೆಗಲ ಮೇಲೆ ಕೈ ಹಾಕಿದ. ದನಿ ಬೆಣ್ಣೆಯಾಯಿತು. "ಯೋಚನೆ ಮಾಡೋ ಮರಿ. ನಿಂಗೇನು ಬೇಕು? ಸಾರ್ಜ್. ನಂಬರ್ ಬದಲಾಯಿಸಿದ್ರೆ ಎಲ್ಲಾ ಪುಟನೂ ತೆರೆಯುತ್ತೆ. ನೆವಿಲ್ ಒತ್ತಿ ನೋಡ್ತಾನೆ, ಖುಷಿಯಾಗ್ತಾನೆ, ಗೇಟು ತೆಗೀತಾನೆ. ನಾಳೆನೇ ಹೊರಟುಬಿಡು. ಅಷ್ಟೂ ಮರಿಗಳು ಹಾಳಾಗಲ್ಲ. ಬಹುಶಃ ಒಂದೂ ಹಾಳಾಗಲ್ಲ."

"ಬಹುಶಃ?"

"ದೇವರ ದಯೆ ಬೇಕಲ್ಲ ಎಲ್ಲಕ್ಕೂ."

ಸುಳ್ಳು ಹೇಳಲಾರೆ, ನನಗೆ ಆಸೆಯಾಯಿತು. ನನ್ನ ಯೂಟ್ ಹೊರಗೆ ನಿಂತಿತ್ತು, ರೆನ್ ಅದರ ಹಿಂದೆ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಸಾರ್ಜ್ ಮತ್ತೆ ಸಿಗುವುದಿಲ್ಲ. ಒಂದು ಅಂಕಿ ಬದಲಿಸಿದರೆ ಸಾಕು. ಮುರಿದ ಕೊಂಡಿಯನ್ನಾದರೂ ಜನ ಕಂಡು ಬೈಯುತ್ತಾರೆ. ತಪ್ಪು ಕಡೆಗೆ ಹೋಗುವ ಕೊಂಡಿ ಸಲೀಸಾಗಿ ತೆರೆಯುತ್ತದೆ, ಅದನ್ನು ಯಾರೂ ಬೈಯುವುದಿಲ್ಲ. ಹ್ಯಾಮಿಷ್‌ನ ಹೊಸ ಯುಗದಲ್ಲಿ ಒಂದು ಸುಳ್ಳೂ ಇರಲಿಲ್ಲ, ಯಾಕೆಂದರೆ ಅದರಲ್ಲಿ ಏನೂ ತೆರೆಯುತ್ತಿರಲಿಲ್ಲ. ಈಗ ಮೊದಲ ಸಲ ಎಲ್ಲ ತೆರೆಯುವ ಹೊತ್ತಿಗೆ ಅಧ್ಯಕ್ಷರು ಓಡಿ ಬಂದಿದ್ದಾರೆ.

"ಅಜೆಂಡಾಕ್ಕೆ ಹಾಕೋಣ್ವಾ ಕ್ಲೈವ್? ಮುಂದಿನ ತಿಂಗ್ಳು?" ಅಂದೆ.

"ಏಯ್, ತಮಾಷೆ ಬೇಡ. ಕ್ಲಬ್ಬಿನಲ್ಲಿ ಇರ್ಬೇಕೋ ಬೇಡ್ವೋ ನಿಂಗೆ?"

ಅವನ ಕೈ ಇನ್ನೂ ನನ್ನ ಹೆಗಲ ಮೇಲಿತ್ತು. ಆ ಕೈಯ ಭಾರ ಇಲ್ಲದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಇವನು ನಿಯತ್ತಿನ ಹುಡುಗ ಎಂದು ಆಮೇಲೆ ಒಂದಿಬ್ಬರು ಹೊಗಳಿದರು. ನಿಯತ್ತಲ್ಲ, ಹೊಟ್ಟೆಯುರಿ. ಅವನ ತಗಡಿನ ಬೊಂಬೆ ನೆನಪಾಯಿತು, ಆ 'ಮರಿ' ಎಂಬ ಮಾತು ಕಿವಿಯಲ್ಲಿ ಕೊರೆಯಿತು. ಜೊತೆಗೆ ಒಂದು ಸಣ್ಣ ನಾಯಿಮರಿ ತಟ್ಟೆಯ ಪಕ್ಕ ಬೀಳುವುದೂ ಕಣ್ಣಿಗೆ ಬಂತು. ಎಷ್ಟು ಪಾಲು ಯಾವುದು ಎಂದು ನನ್ನನ್ನು ಕೇಳಬೇಡಿ.

"ಸೇರಿಸು," ಅಂದೆ ಒಡೆಟ್‌ಗೆ.

"ಫೈಲು ನಾನು ಸೇರಿಸ್ತೀನಿ. ಗುಂಡಿ ನೀನು ಒತ್ತು. ಕ್ಲಬ್ಬಿನವನು ನೀನು."

ಒತ್ತಿದೆ. ಯಂತ್ರ ಓಡಿತು, ಈ ಸಲ ನಿಲ್ಲಲಿಲ್ಲ. 'ರಸ್ಟ್, ಆಮೇಲೆ ಬನ್ವರ್ತ್ ಕಿಂಗ್' ಎಂದು ಒಂದೇ ಪುಟ, ಅದರ ಕೆಳಗೆ ಮರ್ಲ್‌ಳ ಸಾಲುಗಳು ಹಾಗೇ. ಡಚೆಸ್‌ಳ ಪುಟಕ್ಕೂ ಹಳೆಯ ಹೆಸರು ಡಾಟ್ ಎಂದು ಸೇರಿಸಿಬಿಟ್ಟೆವು. ಕ್ಲೈವ್ ಏನೇನೋ ಬೈದ. ಅದನ್ನೆಲ್ಲ ಇಲ್ಲಿ ಬರೆದರೆ ಅಚ್ಚಿನ ಮೊಳೆ ನಾಚಿಕೊಳ್ಳುತ್ತದೆ. ಒಡೆಟ್ ಎದ್ದು ಹೋಗಿ ಅವನಿಗೆ ಬಾಗಿಲು ತೆರೆದು ಹಿಡಿದಳು, ಬಹಳ ಮರ್ಯಾದೆಯಿಂದ.

ಬುಧವಾರ ಶೆಡ್ಡಿನಲ್ಲಿ ಊಟದ ಬಿಡುವಿನ ಹೊತ್ತಿಗೆ ನಾನೇ ನೆವಿಲ್‌ಗೆ ಫೋನ್ ಮಾಡಿದೆ. ರೆನ್ ನನ್ನ ಬೂಟಿನ ಮೇಲೆ ತಲೆ ಇಟ್ಟು ಮಲಗಿದ್ದಳು. ಆಚೆ ಅಂಗಳದಲ್ಲಿ ಕಟ್ಟಿದ್ದ ಗಂಡುನಾಯಿಗಳೆಲ್ಲ ಅವಳಿಗಾಗಿ ಊಳಿಡುತ್ತಿದ್ದವು.

"ಎಲ್ಲಾ ಲಿಂಕೂ ತೆರೆಯುತ್ತೆ ನೆವಿಲ್. ಒತ್ತಿ ನೋಡಿ."

"ಬಾಯಲ್ಲಿ ಹೇಳ್ಬೇಡ. ಇರು, ಕನ್ನಡಕ ಹಾಕ್ಕೋತೀನಿ." ಕುರ್ಚಿ ಎಳೆದ ಸದ್ದು. "ರೆನ್... ಬಂತು. ಅಮ್ಮ ಡಚೆಸ್, ಹಿಂದೆ ಡಾಟ್... ಓಹೋ, ಹಳೇ ಹೆಸರು ಬರೆದಿದ್ದೀರಾ! ಕ್ಲಬ್ಬಿನವರು ಸುಮ್ನಿದ್ರಾ?"

"ಇಲ್ಲ."

"ಭೇಷ್. ಡಾಟ್ ಅಪ್ಪ ರಸ್ಟ್... ಆಮೇಲೆ..."

ಮುದುಕ ಮರ್ಲ್‌ಳ ಸಾಲುಗಳಿಗೆ ಬಂದಿದ್ದ. ಅವನು ಓದುತ್ತಿದ್ದಾನೆಂದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. ನನ್ನ ಕೈಯಲ್ಲಿದ್ದ ಬ್ರೆಡ್ಡು ಹಾಗೇ ಉಳಿಯಿತು.

"ಸಾರ್ಜ್ ಪುಟದಿಂದಲೂ ಇದೇ ಜಾಗಕ್ಕೆ ಬರುತ್ತೆ," ಅಂದ ಕೊನೆಗೆ.

"ಹೌದು."

"ನಿಂಗೆ ಗೊತ್ತಿತ್ತು."

"ನಿನ್ನೆಯಿಂದ."

"ಗೊತ್ತಿದ್ದೂ ಫೋನ್ ಮಾಡ್ದೆ? ಈ ಎರಡು ಹೆಸರು ಒಂದೇ ಪುಟಕ್ಕೆ ಹಾಕ್ದೆ ಬಾಯಿ ಮುಚ್ಕೊಂಡಿದ್ದಿದ್ರೆ ನಾನು ಗೇಟು ತೆಗೀತಿದ್ದೆ ಕಣೋ ಪೆದ್ದ."

"ಗೊತ್ತು. ಅದಕ್ಕೇ ನಂಗೂ ಹೊಟ್ಟೆ ಉರೀತಿದೆ. ಬೈಯಕ್ಕೆ ಬೇರೆ ಯಾರೂ ಇಲ್ಲ ಅಂತ ನಿಮಗೆ ಮಾಡ್ದೆ."

ಮುದುಕ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. "ಗೇಟು ತೆಗೆಯಲ್ಲ," ಅಂದ.

"ಆಯ್ತು."

"ನಿನಗೆ ಮಾತ್ರ ಅಲ್ಲ. ಸಾರ್ಜ್ ಇನ್ಮೇಲೆ ಯಾರಿಗೂ ಇಲ್ಲ." ಆಮೇಲೆ ಕೇಳಿದ: "ಈ ಸಾರ್ಜ್ ಪುಟದ ಕೆಳಗೆ ನೀಲಿ ಬಣ್ಣದಲ್ಲಿ ಇಷ್ಟುದ್ದ ಇದೆಯಲ್ಲ, ಇದೇನು?"

"ಸಾರ್ಜ್ ಮಕ್ಕಳು. ಯಾರ ಮನೆಗೆ ಹೋಗಿದ್ರೂ, ಯಾವ ಹೆಸರಿದ್ರೂ ಇದೆ. ಸಂಖ್ಯೆ ಹಿಡಿದು ತಾನೇ ಕಟ್ಕೊಂಡಿದೆ."

"ಇವರಿಗೆಲ್ಲ ಕೈಯೆತ್ತಿ ಕೊಟ್ಟವನು ನಾನು. ಒಬ್ಬೊಬ್ರಿಗೂ ಫೋನ್ ಮಾಡಿ ಎಚ್ಚರಿಸ್ಬೇಕು ಈಗ." ಅವನು ಒತ್ತಿದ ಟಿಕ್ ಸದ್ದು ನನಗೆ ಕೇಳಿಸಿತು. ಮತ್ತೊಂದು. ಮತ್ತೊಂದು. "ತೆರೀತಿದೆ," ಅಂದ. "ಹಾಳಾದ್ದು, ಒಂದೊಂದೂ ತೆರೀತಿದೆ."

ಶೆಡ್ಡಿನ ಒಳಗಿಂದ ಮೇಸ್ತ್ರಿ ಕೂಗಿದ. ನಾನು ಏಳಲಿಲ್ಲ. ಫೋನಿನಲ್ಲಿ ಮುದುಕ ಒತ್ತುತ್ತಲೇ ಇದ್ದ.